ಹೆಸರಿಲ್ಲದ ಟ್ರ್ಯಾಕಿನ ಬೆನ್ನು ಹತ್ತಿ: ಹೊಸ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಹುಡುಕುವ ದಾರಿಗಳು

ನನ್ನ ಹತ್ತಿರ ಒಂದು ಫೈಲ್ ಇತ್ತು. ಹೆಸರು ‘ಡಿಜೆ ಬೇಸ್ ನ್ಯೂ 07’. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೊಬೈಲ್ ಅಂಗಡಿಯೊಂದಕ್ಕೆ ಮೂವತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಂಡು ಬಂದಾಗ, ಸಿನಿಮಾ ಹಾಡುಗಳ ಮಧ್ಯೆ ಅದೂ ಬಂದಿತ್ತು. ಆರು ನಿಮಿಷದ್ದು. ಮಾತಿಲ್ಲ, ಪಲ್ಲವಿ ಇಲ್ಲ. ದೂರದಲ್ಲಿ ಒಬ್ಬ ಹೆಂಗಸಿನ ದನಿ ಎರಡೇ ಅಕ್ಷರ ಕೂಗಿ ನಿಲ್ಲುತ್ತದೆ. ಕೆಳಗೆ ಡೊಳ್ಳಿನಂಥ ಏಟು ಇಲ್ಲಿ ಬೀಳುತ್ತದೆ ಅಂದುಕೊಂಡರೆ ಅಲ್ಲಿ ಬೀಳುತ್ತದೆ. ನಾನು ಕೆಲಸ ಮಾಡುವ ಜೀನ್ಸ್ ಹೊಲಿಗೆ ಯೂನಿಟ್ಟಿನಲ್ಲಿ ಸಂಜೆ ಮಷಿನ್‌ಗಳೆಲ್ಲ ನಿಂತ ಮೇಲೆ, ಪೀಸ್ ಎಣಿಸುತ್ತ, ಅದನ್ನೇ ಹಚ್ಚಿಕೊಂಡು ಕೂರುತ್ತಿದ್ದೆ.

ನಾಲ್ಕು ವರ್ಷ ಅದರ ಹೆಸರು ಸಿಗಲಿಲ್ಲ. ಸಿನಿಮಾ ಹಾಡಾದರೆ ಒಂದು ಸಾಲು ಗುನುಗಿದರೆ ಸಾಕು, ಪಕ್ಕದ ಮಷಿನ್ನಿನವರು ಹೀರೋ ಯಾರು, ಯಾವ ವರ್ಷ ಬಂದಿದ್ದು ಎಲ್ಲ ಹೇಳಿಬಿಡುತ್ತಾರೆ. ಇದಕ್ಕೆ ಗುನುಗಲು ಸಾಲೇ ಇಲ್ಲ. ಕೊನೆಗೂ ಸಿಕ್ಕಿತು, ಸಿಕ್ಕ ದಾರಿಯಲ್ಲೇ ಇನ್ನೂ ನೂರಾರು ಸಿಕ್ಕವು. ಆ ದಾರಿಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದ್ದುಕೊಂಡು, ಹತ್ತಿರದಲ್ಲಿ ಒಂದು ಕ್ಲಬ್ಬೂ ಇಲ್ಲದೆ, ಒಂದು ಫೋನು ಮತ್ತು ಒಂದು ಇಯರ್‌ಫೋನ್ ಹಿಡಿದು ಕೇಳುವವರಿಗೆ.

ಹುಡುಕುವ ಪೆಟ್ಟಿಗೆಯಲ್ಲಿ ‘ಬೆಸ್ಟ್ ಇಡಿಎಂ’ (ಇಡಿಎಂ ಅಂದರೆ ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್) ಎಂದು ಬರೆದರೆ ಎಲ್ಲರಿಗೂ ಬರುವ ಅದೇ ಇಪ್ಪತ್ತು ಹಾಡು ಬರುತ್ತವೆ. ಅದರ ಬದಲು ನಿಮಗೆ ನಿಜವಾಗಿ ಹಿಡಿಸಿದ ಒಂದು ಟ್ರ್ಯಾಕ್ ಇಟ್ಟುಕೊಂಡು ಮೂರು ಪ್ರಶ್ನೆ ಕೇಳಿ. ಮಾಡಿದವರು ಯಾರು? ಹೊರತಂದವರು ಯಾರು? ಇದನ್ನು ಬೇರೆ ಯಾರು ನುಡಿಸಿದ್ದಾರೆ? ಮುಂದೆ ನಾನು ಹೇಳುವ ಹೆಜ್ಜೆಗಳೆಲ್ಲ ಈ ಮೂರರಿಂದಲೇ ಹುಟ್ಟಿದವು.

ಮೊದಲ ಹೆಜ್ಜೆ: ಏಟು ಎಣಿಸಲು ಕಲಿಯಿರಿ

ಹುಡುಕಬೇಕಾದರೆ ಕೈಯಲ್ಲಿ ಒಂದು ಶಬ್ದ ಇರಬೇಕು. ಹಾಡಿನ ಸಾಲು ಇಲ್ಲದ ಸಂಗೀತದಲ್ಲಿ ಆ ಶಬ್ದ ಅಂದರೆ ಅದರ ಜಾತಿಯ ಹೆಸರು: ಹೌಸ್, ಟೆಕ್ನೋ, ಟ್ರಾನ್ಸ್, ಡ್ರಮ್ ಆ್ಯಂಡ್ ಬೇಸ್. ಜಾತಿ ಗುರುತಿಸಲು ಸಂಗೀತ ಓದಿರಬೇಕಿಲ್ಲ, ಎಣಿಸಲು ಬಂದರೆ ಸಾಕು.

ಗಣಪತಿ ಕಳಿಸುವ ದಿನ ಬೇಸ್ ಬಾಕ್ಸಿನ ಮುಂದೆ ನಿಂತಾಗ ಎದೆಗೆ ಗುದ್ದುತ್ತದಲ್ಲ, ಆ ಏಟಿಗೆ ಕಿಕ್ ಅನ್ನುತ್ತಾರೆ. ಫೋನಿನಲ್ಲಿ ಸ್ಟಾಪ್‌ವಾಚ್ ಹಚ್ಚಿ 15 ಸೆಕೆಂಡು ಆ ಏಟು ಎಣಿಸಿ, ನಾಲ್ಕರಿಂದ ಗುಣಿಸಿ. 31 ಏಟು ಬಿದ್ದರೆ ನಿಮಿಷಕ್ಕೆ 124. ಇದೇ ಬಿಪಿಎಂ, ಬೀಟ್ಸ್ ಪರ್ ಮಿನಿಟ್. ಈಗ ಇನ್ನೊಂದು ಗಮನಿಸಿ: ಕಿಕ್ ಒಂದೇ ಸಮ ಬೀಳುತ್ತದೋ, ನಡುನಡುವೆ ತಪ್ಪಿಸಿಕೊಂಡು ಬೀಳುತ್ತದೋ?

118ರಿಂದ 130ರೊಳಗೆ ಕಿಕ್ ಒಂದೇ ಸಮ ಬಿದ್ದು, ಎರಡು ಏಟಿನ ಸಂದಿಯಲ್ಲಿ ‘ಚ್ಸ್’ ಎಂದು ತಾಳದ ಸದ್ದು ಬಂದರೆ ಅದು ಹೆಚ್ಚುಕಡಿಮೆ ಹೌಸ್. ಅಮೆರಿಕದ ಶಿಕಾಗೋದಲ್ಲಿ ವೇರ್‌ಹೌಸ್ ಎಂಬ ಕ್ಲಬ್ಬಿತ್ತು. ಅಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ ನುಡಿಸುತ್ತಿದ್ದ ಸಂಗೀತಕ್ಕೆ ಜನ ಹೌಸ್ ಅಂದರು, ಹೆಸರು ನಿಂತಿತು. ಅದೇ ಒಂದೇ ಸಮನೆಯ ಕಿಕ್, ಆದರೆ ಒಣಗಿದ ಲೋಹದಂಥ ದನಿ, ಹಾಡುವವರೇ ಇಲ್ಲ, ವೇಗ 125ರಿಂದ 150ರವರೆಗೂ ಏರುತ್ತದೆ ಅಂದರೆ ಟೆಕ್ನೋ. ಇದು ಕಾರು ಕಾರ್ಖಾನೆಗಳ ಊರು ಡೆಟ್ರಾಯಿಟ್‌ನದು. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಗೆಳೆಯರಿಂದ ಬೆಳೆದದ್ದು. ಉದ್ದುದ್ದ ರಾಗ ಏರುತ್ತ ಏರುತ್ತ ಹೋಗಿ ಕಿಕ್ ನಿಂತು, ಮತ್ತೆ ಒಮ್ಮೆಗೇ ಬಿದ್ದರೆ ಟ್ರಾನ್ಸ್. 170ರ ಆಚೆ ಓಡುತ್ತ ಡ್ರಮ್ಮು ಒಡೆದೊಡೆದು ಬೀಳುತ್ತಿದ್ದರೆ ಡ್ರಮ್ ಆ್ಯಂಡ್ ಬೇಸ್, ಅದು 1990ರ ದಶಕದ ಇಂಗ್ಲೆಂಡಿನ ಕೂಸು. 140 ಇದ್ದರೂ ಅರ್ಧ ವೇಗದಲ್ಲಿ ತೂಗುತ್ತಿರುವಂತೆ ಅನ್ನಿಸಿದರೆ ಡಬ್‌ಸ್ಟೆಪ್, ದಕ್ಷಿಣ ಲಂಡನ್ನಿನದು.

ಇನ್ನು 140ರ ಸುತ್ತ, ಕಿಕ್ಕಿನ ಬೆನ್ನಿಗೇ ಬೇಸ್ ಗಡಗಡ ಉರುಳುವ ಸೈಟ್ರಾನ್ಸ್ ನಮಗೆ ಅಪರಿಚಿತವಲ್ಲ. ಗೋವಾದ ಅಂಜುನಾ ಕಡಲ ದಂಡೆಯ ರಾತ್ರಿಗಳಲ್ಲಿ ಬೇರು ಬಿಟ್ಟ ಸಂಗೀತ ಅದು. ಹಂಪಿಯ ಎದುರು ದಡ, ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳಿದ್ದಾಗ ಹೊಳೆ ದಾಟಿ ಹೋದವರ ಕಿವಿಗೆ ಅದು ಬಿದ್ದಿರುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಆ ಕಟ್ಟಡಗಳನ್ನೆಲ್ಲ ತೆರವು ಮಾಡಿದರು.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಒಂದಿದೆ. ಮೊಹರಂನಲ್ಲಿ ಹಲಗೆಯ ಏಟಿಗೆ ಅಲಾಯಿ ಕುಣಿತ ನೋಡುತ್ತ ಬೆಳೆದ ಕಿವಿ ನಮ್ಮದು. ಒಂದೇ ಸಮನೆಯ ಕಿಕ್ ನಮಗೆ ಬೇಗ ಸಪ್ಪೆಯಾಗುತ್ತದೆ. ಏಟು ತಪ್ಪಿಸಿ, ತಡೆದು, ಮತ್ತೆ ಕೊಡುವ ಸಂಗೀತ ಬೇಗ ಒಳಗಿಳಿಯುತ್ತದೆ. ಹಾಗಾಗಿ ಯುರೋಪಿನಿಂದ ಶುರು ಮಾಡುವ ಬದಲು ದಕ್ಷಿಣ ಆಫ್ರಿಕಾದಿಂದ ಶುರು ಮಾಡಿ. 110ರಿಂದ 115ರ ನಿಧಾನ ನಡಿಗೆಯ ಅಮಾಪಿಯಾನೋ ಇದೆ. ಅದರಲ್ಲಿ ಬರುವ, ಕೊಳಗಕ್ಕೆ ಗುದ್ದಿದಂಥ ಬೇಸ್‌ಗೆ ಲಾಗ್ ಡ್ರಮ್ ಅನ್ನುತ್ತಾರೆ. ಡರ್ಬನ್ ಊರಿನ, ಏಟು ಒಡೆದೊಡೆದು ಬೀಳುವ ಗ್ಕೋಮ್ ಇದೆ. ಒಂದು ತಿಂಗಳು ಇವೆರಡನ್ನು ಕೇಳಿ, ಆಮೇಲೆ ಟೆಕ್ನೋಗೆ ಬಂದರೆ ಅದರ ಸೂಕ್ಷ್ಮಗಳು ತಾವಾಗಿ ಕೇಳಿಸುತ್ತವೆ.

ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಗ್ಕೋಮ್ ಎಂದರೆ ಜಿ, ಕ್ಯೂ, ಓ, ಎಂ. ಈ ನಾಲ್ಕು ಅಕ್ಷರ ಗೊತ್ತಿಲ್ಲದ್ದಕ್ಕೇ ನನ್ನ ನಾಲ್ಕು ವರ್ಷ ಹೋದವು.

ಎರಡನೆಯದು: ಕಿವಿಗೆ ಬಿದ್ದದ್ದರ ಹೆಸರು ಹಿಡಿಯುವುದು

ಓಡುತ್ತಿರುವ ಹಾಡು ಕೇಳಿಸಿಕೊಂಡು ಅದರ ಹೆಸರು ಹೇಳುವ ಶಜಾಮ್ ಆ್ಯಪ್ ಬಹಳ ಜನರ ಫೋನಿನಲ್ಲಿ ಇರುತ್ತದೆ, ಸರಿಯಾಗಿ ಬಳಸುವವರು ಕಡಿಮೆ. ಮೆರವಣಿಗೆಯಲ್ಲಿ ಡಿಜೆ ಗಾಡಿಯ ಪಕ್ಕದಲ್ಲೇ ಫೋನ್ ಎತ್ತಿ ಹಿಡಿದರೆ ಮೈಕಿಗೆ ಸದ್ದು ಹೆಚ್ಚಾಗಿ ಒಡೆದುಹೋಗುತ್ತದೆ, ಆ್ಯಪಿಗೆ ಏನೂ ತಿಳಿಯುವುದಿಲ್ಲ. ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಸರಿಯಿರಿ, ಒಂದು ಗೋಡೆ ಅಥವಾ ಅಂಗಡಿಯ ಮರೆಗೆ ನಿಂತು ಹಿಡಿಯಿರಿ. ಜನ ಜಾತ್ರೆಯಂತೆ ಸೇರಿದಾಗ ನೆಟ್‌ವರ್ಕ್ ಸತ್ತಿರುತ್ತದೆ. ಆದರೂ ಒತ್ತಿ ಇಟ್ಟುಕೊಳ್ಳಿ, ನೆಟ್ ಬಂದ ಮೇಲೆ ಅದೇ ಹುಡುಕಿ ತೋರಿಸುತ್ತದೆ. ಜೊತೆಗೆ ರೆಕಾರ್ಡರಿನಲ್ಲಿ ಅರ್ಧ ನಿಮಿಷ ಧ್ವನಿ ಹಿಡಿದುಕೊಂಡರೆ ಆಮೇಲೆ ಯಾರಿಗಾದರೂ ಕೇಳಿಸಬಹುದು.

ಶಜಾಮ್ ಸೋಲುವ ಸಂದರ್ಭಗಳೂ ಇವೆ. ಡಿಜೆ ವೇಗವನ್ನು ಬಹಳ ಏರಿಸಿ ನುಡಿಸಿದ್ದರೆ, ಎರಡು ಟ್ರ್ಯಾಕ್ ಒಂದರ ಮೇಲೊಂದು ಓಡುತ್ತಿದ್ದರೆ, ಮೇಲೆ ಮೈಕಿನಲ್ಲಿ ಯಾರದಾದರೂ ಹೆಸರು ಕೂಗುತ್ತಿದ್ದರೆ ಅದು ಕೈಚೆಲ್ಲುತ್ತದೆ. ನನ್ನ ಫೈಲಿನ ಕಥೆ ಇದೇ. ಯಾರೋ ಅದರ ವೇಗ ಏರಿಸಿ, ನಡುವೆ ನಾಲ್ಕು ಕಡೆ ತಮ್ಮ ಡಿಜೆ ಹೆಸರು ಕೂಗಿಸಿಟ್ಟಿದ್ದರು.

ಆಗ ಬೇಕಾಗುವುದು ಮನುಷ್ಯರು. ಗಂಗಾವತಿಯಲ್ಲಿ ಸಂಬಂಧಿಕರ ಮದುವೆ. ಮೆರವಣಿಗೆ ಮುಗಿದು ಡಿಜೆ ಹುಡುಗ ಗಾಡಿಯ ಪಕ್ಕ ಚಹಾ ಹಿಡಿದು ನಿಂತಿದ್ದ, ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿರಬಹುದು. ನಾನು ಹೋಗಿ ಇಯರ್‌ಫೋನ್ ಕೊಟ್ಟೆ.

“ತಮ್ಮಾ, ಇದನ್ನೊಂಚೂರು ಕೇಳು. ಯಾವುದಂತ ಗೊತ್ತಾಗ್ತದಾ?”

ಕಣ್ಣು ಮುಚ್ಚಿ ಕೇಳಿದ. ಬೆರಳಿನಿಂದ ಗಾಡಿಯ ಬಾಗಿಲಿಗೆ ತಟ್ಟುತ್ತಿದ್ದ.

“ಅಕ್ಕಾ, ಇದು ನಮ್ ಕಡಿ ಎಡಿಟ್ ಅಲ್ರಿ. ಮ್ಯಾಲಿನ ಹೆಸರು ಅಷ್ಟ ನಮ್ಮೋರು ಹಾಕ್ಯಾರ. ಇದು ಆಫ್ರಿಕಾದ್ದು, ಗ್ಕೋಮ್ ಅಂತಾರ ಇದಕ್ಕ. ಸ್ಪೀಡ್ ಇಳಿಸಿ ಕೇಳ್ರಿ, ಇನ್ನೂ ಚಲೋ ಐತಿ.”

ನಾಲ್ಕು ವರ್ಷ ಯಾವ ಆ್ಯಪೂ ಹೇಳದ್ದನ್ನು ಅವನು ಒಂದು ನಿಮಿಷದಲ್ಲಿ ಹೇಳಿದ. ನಮ್ಮ ಕಡೆ ಜಾನಪದ ಹಾಡುಗಳಿಗೆ ಬೇಸ್ ಕೂರಿಸಿ ರಿಮಿಕ್ಸ್ ಮಾಡುವ ಹುಡುಗರು ಊರೂರಿಗೆ ಇದ್ದಾರೆ. ಯಾವ ದೇಶದ ಬೇಸ್ ಯಾವುದು, ಯಾವ ಡ್ರಮ್ಮು ಎಲ್ಲಿಂದ ಬಂದದ್ದು ಎಂದು ಅವರ ಕಿವಿಗೆ ಗೊತ್ತು, ಯಾಕೆಂದರೆ ಅದನ್ನು ಬಿಚ್ಚಿ ಜೋಡಿಸುವುದೇ ಅವರ ದಿನದ ಕೆಲಸ. ಅವರು ಗಾಡಿ ಓಡಿಸುತ್ತಿರುವಾಗ ಕೇಳಬೇಡಿ. ಕೆಲಸ ಮುಗಿದು ವೈರ್ ಸುತ್ತುವ ಹೊತ್ತಿಗೆ ಹೋಗಿ, ಗೌರವದಿಂದ ಕೇಳಿ. ಸಂತೋಷವಾಗಿ ಹೇಳುತ್ತಾರೆ.

ಮೂರನೆಯದು: ಲೇಬಲ್ ನೋಡಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಹೆಜ್ಜೆ ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಜೀನ್ಸ್ ಕೆಲಸದಲ್ಲಿರುವವರು ಪ್ಯಾಂಟನ್ನು ಹೊರಗಿನಿಂದ ನೋಡುವುದಿಲ್ಲ. ಒಳಗೆ ಮಗುಚಿ ಹೊಲಿಗೆ ನೋಡುತ್ತೇವೆ, ಜೇಬಿನ ಬಟ್ಟೆ ನೋಡುತ್ತೇವೆ, ವಾಷಿಂಗ್ ನೋಡುತ್ತೇವೆ. ಪಟ್ಟಿಯ ಮೇಲೆ ಯಾವ ಹೆಸರಿದ್ದರೂ ಇದು ಯಾವ ಯೂನಿಟ್ಟಿನ ಕೈ ಎಂದು ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ಸಂಗೀತದ ರೆಕಾರ್ಡ್ ಲೇಬಲ್ ಅಂದರೆ ಆ ಯೂನಿಟ್ಟು. ಸಿನಿಮಾ ಹಾಡಿನ ಆಡಿಯೋ ಕಂಪನಿಯಂತೆ ಎಲ್ಲ ಬಗೆಯದನ್ನೂ ಹಾಕುವುದಿಲ್ಲ. ಸಣ್ಣ ಲೇಬಲ್ಲುಗಳನ್ನು ನಡೆಸುವವರು ಸಾಮಾನ್ಯವಾಗಿ ಒಬ್ಬಿಬ್ಬರು ಡಿಜೆಗಳು. ತಾವು ರಾತ್ರಿ ನುಡಿಸಬಯಸುವ ಸಂಗೀತವನ್ನಷ್ಟೇ ಆರಿಸಿ ಹೊರತರುತ್ತಾರೆ. ಹಾಗಾಗಿ ಒಂದು ಲೇಬಲ್ಲಿನ ಒಂದು ಟ್ರ್ಯಾಕ್ ನಿಮಗೆ ಹಿಡಿಸಿದರೆ, ಅದೇ ಲೇಬಲ್ಲಿನ ಇನ್ನೂ ಹತ್ತರಲ್ಲಿ ಮೂರು ನಾಲ್ಕಾದರೂ ಹಿಡಿಸುತ್ತವೆ. ಇದು ನನ್ನ ಅನುಭವದ ಲೆಕ್ಕ.

ಲೇಬಲ್ಲಿನ ಹೆಸರು ಎಲ್ಲಿ ಸಿಗುತ್ತದೆ? ಸ್ಪಾಟಿಫೈಯಲ್ಲಿ ಆಲ್ಬಮ್ಮಿನ ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯೂಟ್ಯೂಬಿನಲ್ಲಿ ವಿವರಣೆಯೊಳಗೆ ಇರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಸಿಗುವುದು ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ. 2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿಗಾಗಿಯೇ ಶುರುವಾಗಿ, ಈಗ ಎಲ್ಲ ಬಗೆಯ ರೆಕಾರ್ಡುಗಳನ್ನೂ ಒಳಗೊಂಡಿದೆ. ಬಳಸಲು ಕಾಸು ಕೊಡಬೇಕಿಲ್ಲ.

ಡಿಸ್ಕಾಗ್ಸಿನ ಒಂದು ಪುಟ ಹೀಗೆ ಓದಿ. ಮೇಲೆ ಕಲಾವಿದರ ಹೆಸರು. ಅದರ ಕೆಳಗೆ ಲೇಬಲ್, ಪಕ್ಕದಲ್ಲೇ ಕೆಲವು ಅಕ್ಷರ ಮತ್ತು ಅಂಕಿ ಸೇರಿದ ಒಂದು ಸಂಖ್ಯೆ. ಅದು ಕ್ಯಾಟಲಾಗ್ ನಂಬರು, ನಮ್ಮ ಲಾಟ್ ನಂಬರಿನ ಹಾಗೆ. 012 ಎಂದಿದ್ದರೆ ಆ ಲೇಬಲ್ ಹೊರತಂದ ಹನ್ನೆರಡನೆಯದು ಎಂದು ತಿಳಿಯಬಹುದು. ಈಗ ಲೇಬಲ್ಲಿನ ಹೆಸರು ಒತ್ತಿ. ಅದರ ಪಟ್ಟಿ ಪೂರ್ತಿ ತೆರೆಯುತ್ತದೆ. ನಿಮ್ಮ 012ರ ಹಿಂದಿನ ಎರಡು, ಮುಂದಿನ ಎರಡು ಕೇಳಿ. ಒಂದೇ ಕಾಲದಲ್ಲಿ, ಒಂದೇ ರುಚಿಯವರು ಆರಿಸಿದವು ಅವು. ಕೆಳಗೆ ಹೋದರೆ ರಿಮಿಕ್ಸ್ ಮಾಡಿದವರ ಹೆಸರು ಬೇರೆ ಇರುತ್ತದೆ. ಅವರು ಇನ್ನೊಂದು ಊರಿನ, ಇನ್ನೊಂದು ಲೇಬಲ್ಲಿನವರಾಗಿರುತ್ತಾರೆ. ಅಲ್ಲಿಗೆ ಹೊಸ ದಾರಿ ತೆರೆಯಿತು.

ಶುರು ಮಾಡಲು ಕೆಲವು ಹೆಸರು ಕೊಡುತ್ತೇನೆ. ಟ್ರಾನ್ಸ್ ಇಷ್ಟವಿದ್ದರೆ 2000ದಲ್ಲಿ ಶುರುವಾದ ಲಂಡನ್ನಿನ ಅಂಜುನಾಬೀಟ್ಸ್, ಹೆಸರು ಬಂದದ್ದು ಗೋವಾದ ಅದೇ ಅಂಜುನಾದಿಂದ. ಮೆದುವಾದದ್ದು ಬೇಕಿದ್ದರೆ ಅದರದೇ ತಂಗಿ ಲೇಬಲ್ ಅಂಜುನಾಡೀಪ್. ಡ್ರಮ್ ಆ್ಯಂಡ್ ಬೇಸ್‌ಗೆ ಗೋಲ್ಡಿ ಎಂಬ ಡಿಜೆ 1994ರಲ್ಲಿ ಕಟ್ಟಿದ ಮೆಟಲ್‌ಹೆಡ್ಸ್. ನಿಧಾನಕ್ಕೆ ಮೈಗೆ ಹತ್ತುವ ಟೆಕ್ನೋಗೆ ಜರ್ಮನಿಯ ಕೊಲೋನ್ ಊರಿನ ಕೊಂಪಾಕ್ಟ್. ಕತ್ತಲಂಥ ಬೇಸ್‌ಗೆ ಲಂಡನ್ನಿನ ಹೈಪರ್‌ಡಬ್. ಗ್ಕೋಮಿಗೆ, ಡರ್ಬನ್ನಿನ ಸಂಗೀತವನ್ನೇ ಹೊರತರಲು ಹುಟ್ಟಿದ ಗ್ಕೋಮ್ ಓ. ಜೊತೆಗೆ ಡಿಜೆ ಲ್ಯಾಗ್ ಎಂಬ ಡರ್ಬನ್ನಿನ ಕಲಾವಿದನ ಹೆಸರನ್ನೂ ಬರೆದುಕೊಳ್ಳಿ.

ಲೇಬಲ್ ಗೊತ್ತಾದ ಮೇಲೆ ಬ್ಯಾಂಡ್‌ಕ್ಯಾಂಪಿಗೆ ಹೋಗಿ. ಕಲಾವಿದರು, ಲೇಬಲ್ಲುಗಳು ತಾವೇ ನೇರವಾಗಿ ಸಂಗೀತ ಮಾರುವ ಜಾಗ ಅದು. ಕೊಳ್ಳುವ ಮುಂಚೆ ಕೇಳಿ ನೋಡಲು ಬಿಡುತ್ತಾರೆ. ಅಲ್ಲಿ ಬಹಳ ಜನ ಗಮನಿಸದ ಒಂದು ಮೂಲೆಯಿದೆ. ಪ್ರತಿ ಆಲ್ಬಮ್ಮಿನ ಪುಟದಲ್ಲಿ ಅದನ್ನು ಕೊಂಡವರ ಸಣ್ಣ ಸಣ್ಣ ಚಿತ್ರಗಳು ಸಾಲಾಗಿರುತ್ತವೆ. ಯಾವುದಾದರೂ ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡಿಟ್ಟದ್ದೆಲ್ಲ ತೆರೆಯುತ್ತದೆ. ನಿಮ್ಮ ಮೆಚ್ಚಿನ ಎರಡು ಆಲ್ಬಮ್ಮುಗಳನ್ನೂ ಕೊಂಡವರು ಯಾರಾದರೂ ಸಿಕ್ಕರೆ ಅವರ ಪಟ್ಟಿಯನ್ನು ಬಿಡಬೇಡಿ. ಕಾಸು ಕೊಟ್ಟು ಕೊಂಡವರು ಸುಮ್ಮನೆ ಕೊಂಡಿರುವುದಿಲ್ಲ. ಹೆಸರು, ಮುಖ ಗೊತ್ತಿಲ್ಲದ ಅಂಥ ಒಬ್ಬರ ಪಟ್ಟಿಯಿಂದ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ಹೊರಗೆ ಕಾಲಿಡಲಾಗದು, ಒಳಗೆ ಕೂಲರಿನ ಮುಂದೆ ಕೂತು ದಿನಕ್ಕೊಂದು ಆಲ್ಬಮ್.

ನಾಲ್ಕನೆಯದು: ಬಿಡಿ ಟ್ರ್ಯಾಕ್ ಬಿಟ್ಟು ಮಿಕ್ಸ್ ಕೇಳಿ

ಈ ಸಂಗೀತವನ್ನು ಮಾಡುವುದೇ ಒಂದರಿಂದ ಇನ್ನೊಂದಕ್ಕೆ ಹರಿಸಲಿಕ್ಕೆ. ಟ್ರ್ಯಾಕಿನ ಮೊದಲ ಒಂದು ನಿಮಿಷ ಬರೀ ಡ್ರಮ್ಮು ಇರುತ್ತದಲ್ಲ, ಹಿಂದಿನ ಟ್ರ್ಯಾಕಿನ ಬಾಲಕ್ಕೆ ಅದನ್ನು ಹೊಲಿಯಲು ಡಿಜೆಗೆ ಬಿಟ್ಟ ಅಂಚು ಅದು. ಆ್ಯಪುಗಳಲ್ಲಿ ಮೂರು ನಿಮಿಷಕ್ಕೆ ಕತ್ತರಿಸಿದ್ದೇ ಮೊದಲು ಸಿಗುತ್ತದೆ, ಅಂಚೇ ಇರುವುದಿಲ್ಲ. ಹೆಸರಿನ ಮುಂದೆ ‘ಎಕ್ಸ್‌ಟೆಂಡೆಡ್ ಮಿಕ್ಸ್’ ಅಥವಾ ‘ಒರಿಜಿನಲ್ ಮಿಕ್ಸ್’ ಸೇರಿಸಿ ಹುಡುಕಿದರೆ ಪೂರ್ತಿ ಬಟ್ಟೆ ಸಿಗುತ್ತದೆ.

ಮಿಕ್ಸ್ ಅಂದರೆ ಒಬ್ಬ ಒಳ್ಳೆಯ ಡಿಜೆ ಒಂದೆರಡು ಗಂಟೆ ಬಿಡದೆ ನುಡಿಸಿದ್ದು. ಅದರಲ್ಲಿ ಇಪ್ಪತ್ತು ಮೂವತ್ತು ಟ್ರ್ಯಾಕ್ ಇರುತ್ತವೆ, ಎಷ್ಟೋ ಸಲ ಇನ್ನೂ ಬಿಡುಗಡೆಯಾಗದವೂ ಇರುತ್ತವೆ. ಬಿಬಿಸಿ ರೇಡಿಯೋ 1ರ ಎಸೆನ್ಷಿಯಲ್ ಮಿಕ್ಸ್ 1993ರಲ್ಲಿ ಶುರುವಾಯಿತು, ವಾರಕ್ಕೊಬ್ಬ ಡಿಜೆ, ಎರಡು ಗಂಟೆ. ಬಾಯ್ಲರ್ ರೂಮ್ 2010ರಲ್ಲಿ ಲಂಡನ್ನಿನ ಒಂದು ಕೋಣೆಯಿಂದ ಶುರುವಾಗಿ ಈಗ ಎಷ್ಟೋ ಊರುಗಳ ರಾತ್ರಿಗಳನ್ನು ಯೂಟ್ಯೂಬಿನಲ್ಲಿ ಇಟ್ಟಿದೆ. ಡಿಜೆಯ ಕೈ ಯಾವಾಗ ಯಾವ ಗುಂಡಿಗೆ ಹೋಗುತ್ತದೆ ಎಂದು ನೋಡುತ್ತ ಕೇಳಬಹುದು. ಅರ್ಮಿನ್ ವಾನ್ ಬ್ಯೂರೆನ್ ಎಂಬ ಡಿಜೆ ಟ್ರಾನ್ಸಿಗಾಗಿಯೇ 2001ರಿಂದ ವಾರದ ಕಾರ್ಯಕ್ರಮ ನಡೆಸುತ್ತಿದ್ದಾರೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಎನ್‌ಟಿಎಸ್ ಎಂಬ ಲಂಡನ್ನಿನ ಆನ್‌ಲೈನ್ ರೇಡಿಯೋ. 2011ರಿಂದ ಇದೆ. ಎರಡು ವಾಹಿನಿ ನೇರ ಪ್ರಸಾರ, ಹಳೆಯ ಕಾರ್ಯಕ್ರಮಗಳೂ ಸಿಗುತ್ತವೆ, ಬಹಳಷ್ಟಕ್ಕೆ ಟ್ರ್ಯಾಕ್ ಪಟ್ಟಿ ಪಕ್ಕದಲ್ಲೇ ಇರುತ್ತದೆ. ನಮ್ಮ ದೇಶದಲ್ಲೇ 2017ರಲ್ಲಿ ದೆಹಲಿಯಿಂದ ಶುರುವಾದ ಬಾಕ್ಸ್‌ಔಟ್ ಎಫ್‌ಎಂ ರೇಡಿಯೋದ ಕಾರ್ಯಕ್ರಮಗಳು ಮಿಕ್ಸ್‌ಕ್ಲೌಡ್ ಎಂಬ ಜಾಲತಾಣದಲ್ಲಿವೆ.

ಮಿಕ್ಸ್ ಕೇಳುವಾಗ ಕೈಕೆಲಸ ಇರಲಿ. ನಾನು ಪೀಸ್ ಚೆಕ್ಕಿಂಗ್ ಮಾಡುತ್ತ ಕೇಳುತ್ತೇನೆ, ನೀವು ರೊಟ್ಟಿ ತಟ್ಟುತ್ತ ಕೇಳಬಹುದು. ಪೂರ್ತಿ ಗಮನ ಕೊಡುವುದು ಬೇಡ. ಯಾವ ಕ್ಷಣಕ್ಕೆ ಕೈ ತಾನಾಗಿ ನಿಲ್ಲುತ್ತದೋ ಆ ನಿಮಿಷ ಬರೆದಿಟ್ಟುಕೊಳ್ಳಿ. ಆಮೇಲೆ 1001 ಟ್ರ್ಯಾಕ್‌ಲಿಸ್ಟ್ಸ್ ಎಂಬ ಜಾಲತಾಣದಲ್ಲಿ ಆ ಮಿಕ್ಸ್ ಹುಡುಕಿ. ಎಷ್ಟನೇ ನಿಮಿಷಕ್ಕೆ ಯಾವ ಟ್ರ್ಯಾಕ್ ಎಂದು ಕೇಳುಗರೇ ಸೇರಿ ತುಂಬಿಸಿರುತ್ತಾರೆ. ‘ಐಡಿ’ ಎಂದಷ್ಟೇ ಇದ್ದರೆ ಇನ್ನೂ ಹೆಸರು ಗೊತ್ತಾಗಿಲ್ಲ ಎಂದರ್ಥ. ಕಲಾವಿದರು ತಾವೇ ಟ್ರ್ಯಾಕ್, ಮಿಕ್ಸ್ ಹಾಕುವ ಸೌಂಡ್‌ಕ್ಲೌಡ್ ಜಾಲತಾಣದಲ್ಲಿ ಇನ್ನೂ ಒಂದು ಅನುಕೂಲವಿದೆ: ಕೇಳುಗರು ಟ್ರ್ಯಾಕಿನ ಆಯಾ ಕ್ಷಣದ ಮೇಲೆಯೇ ಮಾತು ಬರೆಯಬಹುದು.

ನನ್ನ ಫೈಲ್ ಸಿಕ್ಕಿದ್ದು ಅಲ್ಲೇ. ಗಂಗಾವತಿಯ ಹುಡುಗ ಹೇಳಿದ ನಾಲ್ಕು ಅಕ್ಷರ ಹಿಡಿದು ಡರ್ಬನ್ನಿನ ಮಿಕ್ಸುಗಳನ್ನು ಒಂದೊಂದಾಗಿ ಕೇಳುತ್ತ ಹೋದೆ. ಹನ್ನೊಂದನೆಯದೋ ಹನ್ನೆರಡನೆಯದೋ ಇರಬೇಕು, 38ನೇ ನಿಮಿಷಕ್ಕೆ ಆ ಹೆಂಗಸಿನ ದನಿ, ಅವೇ ಎರಡು ಅಕ್ಷರ. ವೇಗ ಸ್ವಲ್ಪ ಕಡಿಮೆ, ಏಟಿನ ನಡುವೆ ಗಾಳಿಯಾಡುತ್ತಿತ್ತು. ಆ ಹುಡುಗ ಹೇಳಿದ್ದು ಖರೆ, ಇನ್ನೂ ಚಲೋ ಇತ್ತು. ಅದೇ ಜಾಗದಲ್ಲಿ ಯಾರೋ ‘ಐಡಿ?’ ಎಂದು ಕೇಳಿದ್ದರು, ಇನ್ಯಾರೋ ಹೆಸರು ಬರೆದಿದ್ದರು. ರಾತ್ರಿ ಹನ್ನೊಂದೂವರೆ. ಮನೆಯವರನ್ನೆಲ್ಲ ಎಬ್ಬಿಸಿ ಕೇಳಿಸಿದೆ.

ಆ್ಯಪಿನ ಸಲಹೆಯನ್ನು ಪಳಗಿಸುವುದು

ಇದಕ್ಕೆ ಹೆಚ್ಚು ಮಾತು ಬೇಡ. ಒಂದೇ ಫೋನಿನಲ್ಲಿ ಅಮ್ಮನ ವಚನ, ಮಕ್ಕಳ ಶಿಶುಗೀತೆ, ನಿಮ್ಮ ಟೆಕ್ನೋ ಎಲ್ಲ ಓಡಿದರೆ ಆ್ಯಪಿಗೆ ನೀವು ಯಾರೆಂದು ತಿಳಿಯುವುದಿಲ್ಲ. ಈ ಸಂಗೀತಕ್ಕೇ ಬೇರೆ ಖಾತೆ ಮಾಡಿ. ಹಿಡಿಸಿದ ಎಂಟ್ಹತ್ತು ಟ್ರ್ಯಾಕಿನ ಪಟ್ಟಿ ಮಾಡಿ ಅದರ ರೇಡಿಯೋ ಹಚ್ಚಿ, ಅದಕ್ಕೆ ಹೋಲುವಂಥದ್ದನ್ನು ಆ್ಯಪ್ ತಾನೇ ಹಾಕುತ್ತ ಹೋಗುತ್ತದೆ. ಹಿಡಿಸದ್ದನ್ನು ಮೊದಲ ಅರ್ಧ ನಿಮಿಷದಲ್ಲೇ ದಾಟಿಸಿ, ಹಿಡಿಸಿದ್ದನ್ನು ಉಳಿಸಿ. ಸ್ಪಾಟಿಫೈಯಲ್ಲಿ ಸೋಮವಾರ ಡಿಸ್ಕವರ್ ವೀಕ್ಲಿ, ಶುಕ್ರವಾರ ರಿಲೀಸ್ ರೇಡಾರ್ ಎಂಬ ಸಲಹೆಯ ಪಟ್ಟಿಗಳು ಹೊಸದಾಗುತ್ತವೆ. ಶುಕ್ರವಾರ ಯಾಕೆಂದರೆ 2015ರ ಜುಲೈಯಿಂದ ಜಗತ್ತಿನಾದ್ಯಂತ ಹೊಸ ಸಂಗೀತ ಬಿಡುಗಡೆಗೆ ಅದೇ ದಿನವನ್ನು ಗೊತ್ತುಮಾಡಿದ್ದಾರೆ. ಆ್ಯಪ್ ತೋರಿಸಿದ್ದರಲ್ಲಿ ಒಂದು ಹಿಡಿಸಿತೋ, ಅಲ್ಲಿಗೇ ಆ್ಯಪ್ ಬಿಟ್ಟು ಅದರ ಲೇಬಲ್ ನೋಡಲು ಹೋಗಿ.

ನಮ್ಮ ದೇಶದ ಎಳೆ ಹಿಡಿದು

ಇದು ಹೊರಗಿನವರ ಸಂಗೀತ, ನಮಗ್ಯಾಕೆ ಎನ್ನುವವರಿಗೆ ಚರಣ್‌ಜಿತ್ ಸಿಂಗ್ ಅವರನ್ನು ಕೇಳಿಸಿ. ಮುಂಬಯಿಯ ಸಿನಿಮಾ ವಾದ್ಯಗಾರರು. 1982ರಲ್ಲಿ ರೋಲೆಂಡ್ ಕಂಪನಿಯ ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಅದನ್ನು ಕೊಂಡವರು ಬಹಳ ಕಡಿಮೆ. ಅದೇ 303ರ ಕೀರಲು ಬೇಸಿನಿಂದ ಶಿಕಾಗೋದ ಫ್ಯೂಚರ್ ತಂಡ 1987ರಲ್ಲಿ ರೆಕಾರ್ಡ್ ತಂದಾಗ ಅದಕ್ಕೆ ಆ್ಯಸಿಡ್ ಹೌಸ್ ಎಂದು ಹೆಸರಾಯಿತು. ಸಿಂಗ್ ಅವರ ರೆಕಾರ್ಡ್ 2010ರಲ್ಲಿ ಮತ್ತೆ ಹೊರಬಂದಾಗ ಜಗತ್ತು ಬೆರಗಾಯಿತು. ಭೈರವಿ ಕೇಳಿ ಗೊತ್ತಿರುವ ನಮ್ಮ ಹಿರಿಯರಿಗೂ ಇದು ಹಿಡಿಸುತ್ತದೆ, ನಮ್ಮ ಮನೆಯಲ್ಲಿ ಹಿಡಿಸಿದೆ.

ಇಲ್ಲಿ ಇನ್ನೊಂದು ಬಗೆಯ ದಾರಿಯಿದೆ, ಯಂತ್ರದ ಹೆಸರು ಹಿಡಿದು ಹೋಗುವುದು. ಒಂದು ಸದ್ದು ಮನಸ್ಸಿಗೆ ಹತ್ತಿದರೆ ಅದು ಯಾವ ಯಂತ್ರದ್ದು ಎಂದು ಕೇಳಿ. 303, 808, ಮತ್ತೆ ರೋಲೆಂಡಿನದೇ ಇನ್ನೊಂದು ಡ್ರಮ್ ಯಂತ್ರ 909, ಈ ಮೂರು ಸಂಖ್ಯೆಯಲ್ಲೇ ನೂರಾರು ಗಂಟೆಯ ಸಂಗೀತ ಇದೆ. ಇದಕ್ಕಿಂತ ಹಿಂದೆ ಹೋಗಬೇಕಿದ್ದರೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಸರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ) ಇದ್ದ ಸ್ಟುಡಿಯೋ ಕಟ್ಟಿದ್ದರು. ಅಲ್ಲಿ ಆಗ ಮಾಡಿದ ಧ್ವನಿಮುದ್ರಣಗಳು 2023ರಲ್ಲಿ ರೆಕಾರ್ಡಾಗಿ ಬಂದವು. ಕುಣಿಯುವ ಸಂಗೀತವಲ್ಲ ಅದು, ಆದರೆ ಕೇಳಲೇಬೇಕು.

ಮುಂದೆ ಬಂದರೆ ತಬಲಾವನ್ನು ಡ್ರಮ್ ಆ್ಯಂಡ್ ಬೇಸಿಗೆ ಬೆಸೆದ ತಲ್ವಿನ್ ಸಿಂಗ್, 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಪಡೆದವರು. ದೆಹಲಿಯ ಮಿಡೈವಲ್ ಪಂಡಿಟ್ಸ್ ಎಂಬ ಜೋಡಿ. ಬೀದಿ ಬ್ಯಾಂಡಿನ ಡ್ರಮ್ಮು ಮತ್ತು ಭಾರೀ ಬೇಸನ್ನು ಜೋಡಿಸಿದ ನ್ಯೂಕ್ಲಿಯಾ, ಮೆರವಣಿಗೆಯ ಸದ್ದಿಗೆ ಒಗ್ಗಿದ ಕಿವಿಗೆ ನೇರ ಹೋಗುತ್ತಾರೆ.

ಸಂಗೀತ ಹಬ್ಬಗಳ ಪೋಸ್ಟರನ್ನೂ ಹುಡುಕುವ ಸಾಧನ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ 2016ರಿಂದ ನಡೆಯುತ್ತಿರುವ ಎಕೋಸ್ ಆಫ್ ಅರ್ತ್, ರಾಜಸ್ಥಾನದ ಆಲ್ಸಿಸರ್ ಅರಮನೆಯಲ್ಲಿ ಬೆಳೆದ ಮ್ಯಾಗ್ನೆಟಿಕ್ ಫೀಲ್ಡ್ಸ್, ಇವುಗಳ ಹಳೆಯ ಪೋಸ್ಟರುಗಳು ಸುಲಭವಾಗಿ ಸಿಗುತ್ತವೆ. ಮೇಲಿನ ದಪ್ಪಕ್ಷರದ ಹೆಸರು ಬಿಡಿ, ಅವರನ್ನು ಎಲ್ಲರೂ ಬಲ್ಲರು. ಕೊನೆಯ ಎರಡು ಸಾಲಿನ ಸಣ್ಣಕ್ಷರದ ಹೆಸರುಗಳನ್ನು ಒಂದೊಂದಾಗಿ ಹುಡುಕಿ. ಆಯೋಜಕರು ನಂಬಿ ಕರೆಸಿದ ಹೊಸಬರು ಇರುವುದು ಅಲ್ಲಿ. ಹೋಗಲು ಮನಸ್ಸಾದರೆ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹೋಗದಿದ್ದರೂ ಪೋಸ್ಟರ್ ಕೆಲಸ ಕೊಡುತ್ತದೆ.

ಸಿಕ್ಕಿದ್ದನ್ನು ಉಳಿಸಿಕೊಳ್ಳಲು

ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಅಷ್ಟು ಸಣ್ಣ ಸ್ಪೀಕರಿಗೆ ಕೆಳಗಿನ ಬೇಸ್ ಎತ್ತುವ ಶಕ್ತಿಯಿಲ್ಲ, ಅರ್ಧ ಸಂಗೀತ ಕೇಳಿಸಿರುವುದೇ ಇಲ್ಲ. ಕಿವಿಗೆ ಬಿಗಿಯಾಗಿ ಕೂರುವ ಸಾಧಾರಣ ವೈರ್ ಇಯರ್‌ಫೋನ್ ಸಾಕು. ಹೊರಗಿನ ಸದ್ದು ತಡೆದರೆ ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮೇಲೆ 3 ಡೆಸಿಬಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಡಿಜೆ ಗಾಡಿಯ ಮುಂದೆ ಕುಣಿಯಲು ಹೋಗುವವರು ಮೆಡಿಕಲ್ ಶಾಪಿನಲ್ಲಿ ಸಿಗುವ ಇಯರ್‌ಪ್ಲಗ್ ಹಾಕಿಕೊಳ್ಳಿ. ಕಿವಿ ಹೋದರೆ ಈ ಲೇಖನದಿಂದ ಏನೂ ಪ್ರಯೋಜನವಿಲ್ಲ.

ಬಹಳ ಇಷ್ಟವಾದದ್ದನ್ನು ಕೊಂಡುಕೊಳ್ಳಿ, ವರ್ಷಕ್ಕೆ ಎರಡಾದರೂ ಸರಿ. ಸಣ್ಣ ಲೇಬಲ್ಲುಗಳು ಬದುಕುವುದು ಅದರಿಂದ. 2020ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ, ಕಲಾವಿದರಿಗೆ ಹೆಚ್ಚು ಹೋಗುತ್ತದೆ. ನಮ್ಮ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಸಾಮಾನ್ಯವಾಗಿ ಬಂದ್ ಇರುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ಅದನ್ನು ಚಾಲೂ ಮಾಡಿ, ಮಿತಿ ಐನೂರು ರೂಪಾಯಿಗೆ ಇಟ್ಟು, ಕೆಲಸವಾದ ಮೇಲೆ ಮತ್ತೆ ಬಂದ್ ಮಾಡಿ.

ಕೊನೆಯದು, ಒಂದು ನೋಟ್‌ಬುಕ್. ಫೋನ್ ಬಿದ್ದು ಒಡೆದಾಗ ನಾನು ಎರಡು ವರ್ಷ ಕೂಡಿಸಿದ್ದ ಪಟ್ಟಿ ಪೂರ್ತಿ ಹೋಯಿತು. ಅಂದಿನಿಂದ ಯೂನಿಟ್ಟಿನ ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತೇನೆ. ಪ್ರತಿ ಟ್ರ್ಯಾಕಿಗೆ ಒಂದೇ ಸಾಲು: ಹೆಸರು, ಮಾಡಿದವರು, ಲೇಬಲ್, ವರ್ಷ, ಬಿಪಿಎಂ, ಎಲ್ಲಿ ಕೇಳಿದ್ದು. ಹೆಸರು ಸಿಗದವಕ್ಕೆ ಕೊನೆಯ ಹಾಳೆ. ಈಗ ಅಲ್ಲಿ ಆರು ಸಾಲುಗಳಿವೆ. ಮೇಲಿನದು ಹೀಗಿದೆ: ‘ಎನ್‌ಟಿಎಸ್, ಭಾನುವಾರ ರಾತ್ರಿ, 41ನೇ ನಿಮಿಷ. 132. ಒಂದೇ ಸಮ ಕಿಕ್. ಗುಡಿಯ ಗಂಟೆಯಂಥದ್ದು, ದೂರದಿಂದ, ಎಂಟು ಸಲ. ಆಮೇಲೆ ಬೇಸ್. ಪಟ್ಟಿಯಲ್ಲಿ ಇಲ್ಲ. ಗಂಗಾವತಿಯ ತಮ್ಮನಿಗೆ ಕಳಿಸಿದ್ದೇನೆ.’